ಮೆಣಸಿನಕಾಯಿ ಗೋದಾಮಿನ ಕಬಡ್ಡಿ

ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಬಸ್ಸಿನಿಂದ ಇಳಿದವನು ನಮ್ಮವನೋ ಪರಊರಿನವನೋ ಎಂದು ಯಾರೂ ಕೇಳಬೇಕಾಗಿಲ್ಲ. ಪರಊರಿನವನು ಇಳಿದ ಕೂಡಲೇ ಸೀನುತ್ತಾನೆ. ಆಮೇಲೆ ಕರವಸ್ತ್ರ ಹುಡುಕುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ, ಚಹಾದ ಅಂಗಡಿಯವನನ್ನು ಇಲ್ಲೇನಾದರೂ ಸುಟ್ಟಿದೆಯಾ ಎಂದು ಕೇಳುತ್ತಾನೆ. ಹುಡುಗರಾಗಿದ್ದಾಗ ನಾವು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಸೀನುವವರನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು. ಮೆಣಸಿನಕಾಯಿಯ ಘಾಟು ನಮಗೆ ಹತ್ತುವುದಿಲ್ಲ ಎಂಬುದು ನಮ್ಮ ಊರಿನ ಜಂಬ. ಬೇರೆ ಊರುಗಳಿಗೆ ಕೋಟೆಯೋ ಕೆರೆಯೋ ಇರುತ್ತದೆ, ನಮಗೆ ಇದಿತ್ತು.

ಆ ಜಂಬ ನನ್ನನ್ನು ಮೊದಲು ಕಬಡ್ಡಿ ಆಟಗಾರನನ್ನಾಗಿ ಮಾಡಿತು, ಆಮೇಲೆ ಕೋಚ್ ಮಾಡಿತು, ಕೊನೆಗೆ ನನ್ನ ಕೈಯಿಂದ ಒಬ್ಬ ಹುಡುಗಿಯ ಉಸಿರು ಕೆಡಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ಉಳಿದದ್ದೇ ನನ್ನ ತಪ್ಪುಗಳಲ್ಲಿ ದೊಡ್ಡದು. ಬರೆಯುವಾಗಲೂ ಅದನ್ನೇ ಮಾಡಿದರೆ ನನಗೆ ನಾಚಿಕೆ ಎಂಬುದೇ ಇಲ್ಲ ಎಂದಾಗುತ್ತದೆ.

ನನ್ನ ತಂದೆ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ತೂಕ ಮಾಡುತ್ತಿದ್ದರು. ಅದೇ ಅಂಗಡಿಗೆ ಚೀಲ ಹೊರುತ್ತಿದ್ದ ಹಮಾಲರಲ್ಲಿ ಒಬ್ಬರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಗಿಡ್ಡ ಆಳು, ಅಗಲ ಎದೆ, ಬಾಯಲ್ಲಿ ಯಾವಾಗಲೂ ಬೀಡಿ. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಪ್ರಾಯದಲ್ಲಿ ಸುತ್ತಲಿನ ಊರುಗಳಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದ್ದರಂತೆ. ಮುಂದೆ ಹೋಗಲಿಲ್ಲ. ಮುಂದೆ ಹೋಗುವ ದಾರಿ ಎಲ್ಲಿದೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಅವರು ನಮ್ಮ ಓಣಿಯ ಹತ್ತು ಹುಡುಗರನ್ನು ಕೂಡಿಸಿ ತಂಡ ಕಟ್ಟಿದರು. ಯಾಕೆ ಕಟ್ಟಿದರೋ ಗೊತ್ತಿಲ್ಲ, ಅವರಿಗೆ ಅದರಿಂದ ಒಂದು ಚಹಾ ಕೂಡ ಸಿಗುತ್ತಿರಲಿಲ್ಲ.

ಮಧ್ಯಾಹ್ನ ಕಾಯಿ ದರದ ಟೆಂಡರು ಮುಗಿದು ಮಾರುಕಟ್ಟೆ ತಣ್ಣಗಾದ ಮೇಲೆ ಅವರು ನಮ್ಮನ್ನು ಗೋದಾಮಿಗೆ ಕರೆದೊಯ್ಯುತ್ತಿದ್ದರು. ನೆಲದಿಂದ ತಗಡಿನವರೆಗೆ ಕಾಯಿ ಚೀಲ. ಚೀಲಗಳ ನಡುವೆ ಒಬ್ಬರು ನಡೆಯುವಷ್ಟು ಸಂದಿ. ಶಟರ್ ಅರ್ಧ ಎಳೆದು, ಒಂದು ಚೀಲವನ್ನು ಮೇಲಿನಿಂದ ದೊಪ್ಪೆಂದು ಕೆಡವಿ, ಧೂಳು ಎದ್ದ ಮೇಲೆ ನಮಗೆ ಆಜ್ಞೆ. ಕಬಡ್ಡಿ ಕಬಡ್ಡಿ ಎನ್ನುತ್ತಾ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಒಂದೇ ಉಸಿರಿನಲ್ಲಿ ತಿರುಗಿ ಬರಬೇಕು. ಕೆಮ್ಮಿದರೆ ಇಪ್ಪತ್ತು ಬೈಠಕ್.

“ಇಲ್ಲೆ ಉಸರು ಹಿಡದವ ಎಲ್ಲ್ಯರ ಹಿಡೀತಾನಲೇ. ಬಯಲಾಗ ಗಾಳಿ ಪುಕ್ಕಟ ಸಿಗತೈತಿ, ಅಲ್ಲಿ ಯಾರರ ಆಡ್ತಾರ,” ಎನ್ನುತ್ತಿದ್ದರು.

ಮೊದಲ ವಾರ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಏನೂ ಇಲ್ಲ. ಆಮೇಲೆ ಮೈದಾನಕ್ಕೆ ಬಂದರೆ ಗಾಳಿ ಎಷ್ಟು ತಣ್ಣಗೆ, ಎಷ್ಟು ಸಲೀಸಾಗಿ ಒಳಗೆ ಹೋಗುತ್ತಿತ್ತೆಂದರೆ, ನಗು ಬರುತ್ತಿತ್ತು. ಆ ಸುಖ ನಾನು ಇನ್ನೂ ಮರೆತಿಲ್ಲ. ಆಗ ಹಳ್ಳಿಯ ಪಂದ್ಯಗಳಲ್ಲಿ ರೇಡಿಗೆ ಇಷ್ಟೇ ಹೊತ್ತು ಎಂಬ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ. ಉಸಿರು ಇರುವಷ್ಟು ಹೊತ್ತು ಎದುರಾಳಿಯ ಅಂಗಳದಲ್ಲಿ ಇರಬಹುದು. ಹೊಸರಿತ್ತಿಯಲ್ಲಿ ಒಮ್ಮೆ ನಾನು ಹೋಗಿ ನಿಂತವನು ಬರಲೇ ಇಲ್ಲ. ಎದುರಿನ ಏಳು ಜನ ಕೈ ಕೈ ಹಿಡಿದು ನಾನು ಈಗ ಉಸಿರು ಬಿಡುತ್ತೇನೆ, ಆಗ ಬಿಡುತ್ತೇನೆ ಎಂದು ಕಾದು ಕಾದು ಬೇಸತ್ತು, ಒಬ್ಬ ಕೈ ಬಿಟ್ಟು ಮೂಗು ಒರೆಸಿಕೊಳ್ಳುವಾಗ ಅವನನ್ನು ಮುಟ್ಟಿ ಬಂದೆ. “ಈ ಮಗಾ ಉಸರು ಎಲ್ಲಿಂದ ತರತಾನೋ ಏನೋ,” ಎಂದು ಹಿಂದೆ ಯಾರೋ ಅಂದರು. ಉಸ್ತಾದರು ಗೆರೆಯ ಹೊರಗೆ ಕುಳಿತು ಬೀಡಿ ಹಚ್ಚಿಕೊಂಡರು. ಅವರು ಹೊಗಳುತ್ತಿದ್ದದ್ದೇ ಹಾಗೆ.

ಘಾಟು ಮನುಷ್ಯನಿಗೆ ಏನಾದರೂ ಮಾಡೀತು ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಇದೆ, ಖಾರ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಖರೆ ಕೂಡ. ಖಾರವಿಲ್ಲದ ಕಾಯಿಯ ಧೂಳು ಏನು ಮಾಡುತ್ತದೆ ಎಂಬುದು ನಮ್ಮ ತರ್ಕ. ಈಗ ಬರೆಯುವಾಗ ಎಷ್ಟು ಪೆದ್ದಾಗಿ ಕಾಣುತ್ತದೆ. ಆಗ ಅದು ಊರಿಗೆ ಊರೇ ನಂಬಿದ ಮಾತಾಗಿತ್ತು.

ರಾಣೆಬೆನ್ನೂರಿನ ಕಾಲೇಜಿಗೆ ಸೇರಿದೆ, ವಿಶ್ವವಿದ್ಯಾಲಯದ ತಂಡಕ್ಕೆ ಆಡಿದೆ. ಹುಬ್ಬಳ್ಳಿಯಲ್ಲಿ ಒಂದು ಸರ್ಕಾರಿ ಇಲಾಖೆಯ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಗೆದ್ದರೆ ನೌಕರಿ, ಜೊತೆಗೆ ಆಟ. ಅದಕ್ಕೆ ಹದಿನೈದು ದಿನ ಮೊದಲು ಕುಪ್ಪೇಲೂರಿನ ಗೆಳೆಯರು ಪಂದ್ಯಕ್ಕೆ ಕರೆದರು. ಹೋಗಬೇಡವೆಂದು ಉಸ್ತಾದರು ಹೇಳಿದರು. ನಾನು ಹೋದೆ, ಯಾಕೆಂದರೆ ನನ್ನನ್ನು ಕರೆದಿದ್ದರು, ಕರೆದರೆ ಹೋಗದೆ ಇರುವಷ್ಟು ದೊಡ್ಡವನಾದೆ ಎಂದು ಯಾರೂ ಅನ್ನಬಾರದು. ಅಂಗಳಕ್ಕೆ ನೀರು ಹೊಡೆದಿದ್ದರು, ಒಂದು ಮೂಲೆ ಒಣಗಿರಲಿಲ್ಲ. ಬಲಗಾಲು ಅಲ್ಲಿ ಸಿಕ್ಕಿತು, ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೊಣಕಾಲಿನ ಒಳಗೆ ಏನೋ ಟಪ್ ಎಂದದ್ದು ನನಗೇ ಕೇಳಿಸಿತು. ನಾಟಿ ವೈದ್ಯರು ಕಟ್ಟು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಅಷ್ಟರಲ್ಲಿ ಹುಬ್ಬಳ್ಳಿಯ ಆಯ್ಕೆ ಮುಗಿದು, ಬೇರೆ ಯಾರೋ ಆ ನೌಕರಿಗೆ ಸೇರಿ, ಸಂಬಳವನ್ನೂ ಎತ್ತಿದ್ದರು.

ಆಮೇಲೆ ನಾನು ದೈಹಿಕ ಶಿಕ್ಷಣದ ಕೋರ್ಸ್ ಮಾಡಿ ತಾಲೂಕಿನ ಒಂದು ಪ್ರೌಢಶಾಲೆಗೆ ಪಿಟಿ ಮಾಸ್ತರನಾದೆ. ಪಿಟಿ ಮಾಸ್ತರ ಎಂದರೆ ಏನು ಎಂದು ಶಾಲೆಯಲ್ಲಿ ಕಲಿತ ಎಲ್ಲರಿಗೂ ಗೊತ್ತು. ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು, ಬಿಸಿಯೂಟದ ಹೊತ್ತಿಗೆ ಕಾವಲು ಕಾಯಬೇಕು, ಆಟದ ಪೀರಿಯಡ್ಡನ್ನು ಗಣಿತದವರು ಕೇಳಿದರೆ ನಗುತ್ತಾ ಕೊಡಬೇಕು. ನಾನು ನಗಲೂ ಇಲ್ಲ, ಕೊಡಲೂ ಇಲ್ಲ. ಸ್ಟಾಫ್ ರೂಮಿನಲ್ಲಿ ನನಗೆ ಮುಂಗೋಪಿ ಎಂದು ಹೆಸರು ಬಿತ್ತು. ಹೆಸರು ತಪ್ಪೇನಲ್ಲ. ಆಡಲಾಗದ ಸಿಟ್ಟನ್ನು ಆಡಿಸುವುದರಲ್ಲಿ ತೀರಿಸಿಕೊಳ್ಳುತ್ತಿದ್ದೆ, ಕೈಲಾಗದವನು ಮೈ ಪರಚಿಕೊಂಡ ಹಾಗೆ.

ಆ ವರ್ಷಗಳಲ್ಲೇ ಉಸ್ತಾದರು ಹಾಸಿಗೆ ಹಿಡಿದರು. ಮಲಗಲು ಆಗುತ್ತಿರಲಿಲ್ಲ, ಎದೆಗೆ ದಿಂಬು ಒತ್ತಿಕೊಂಡು ಕುಳಿತೇ ಇರುತ್ತಿದ್ದರು. ಒಂದು ಮಾತು ಆಡಿ ಮತ್ತೊಂದಕ್ಕೆ ಉಸಿರು ಕೂಡಿಸಬೇಕಾಗಿತ್ತು. ನನ್ನನ್ನು ಕಂಡು, “ಹುಡುಗ್ರು ಹ್ಯಾಂಗ ಆಡಾಕತ್ತಾರ?” ಎಂದು ಕೇಳಿದರು. ಅವರ ಹೆಂಡತಿ ಒಳಗಿನಿಂದ, “ಬೀಡಿ ಸೇದಬ್ಯಾಡ್ರಿ ಅಂದ್ರ ಕೇಳಲಿಲ್ಲರಿ, ಈಗ ನೋಡ್ರಿ,” ಎಂದರು. ನಾನೂ ತಲೆಯಾಡಿಸಿದೆ. ಬೀಡಿಯೇ ಇರಬೇಕು ಎಂದು ನಮಗೆಲ್ಲ ಅನ್ನಿಸಿತ್ತು. ಅವರು ಹೋದ ದಿನ ಮಾರುಕಟ್ಟೆಯ ಹಮಾಲರು ಕೆಲಸ ಬಿಟ್ಟು ಬಂದಿದ್ದರು, ನಾನೂ ಹೆಗಲು ಕೊಟ್ಟೆ.

ಆ ಹುಡುಗಿ ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಬಂದಳು. ಅಪ್ಪ ಲಾರಿಯ ಮೇಲೆ ಹೋದವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವ್ವ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸ ಮಾಡುತ್ತಿದ್ದಳು, ಅಂದರೆ ದಿನವಿಡೀ ಕೂತು ಕಾಯಿಯಿಂದ ತೊಟ್ಟು ಕೀಳುವುದು. ಸಂಜೆ ಎರಡು ಚೀಲ ಮನೆಗೂ ತಂದು ಬಿಡಿಸುತ್ತಿದ್ದಳು. ಹುಡುಗಿಗೆ ಕಬಡ್ಡಿ ಹೇಳಿಕೊಡಬೇಕಾಗಿರಲಿಲ್ಲ. ಎದುರಿನವರ ಕಣ್ಣು ಎತ್ತ ಹೋಗುತ್ತದೆಂದು ಅವಳಿಗೆ ಅವರಿಗಿಂತ ಮೊದಲೇ ತಿಳಿಯುತ್ತಿತ್ತು. ಕಾಲಿನ ಬೆರಳು ಚಾಚಿ ಮುಟ್ಟಿ, ಮುಟ್ಟಿಸಿಕೊಂಡವರು ಕೆಳಗೆ ನೋಡುವಷ್ಟರಲ್ಲಿ ಗೆರೆಯ ಈಚೆ ಬಂದು ನಿಲ್ಲುತ್ತಿದ್ದಳು. ನಾನು ಮೂವತ್ತು ವರ್ಷ ಸೀಟಿ ಊದಿದ್ದರಲ್ಲಿ ಅಂಥ ಮಗು ಇನ್ನೊಂದಿಲ್ಲ.

ಅವಳಿಗೆ ಇದ್ದ ಊನ ಒಂದೇ, ದನಿ ಸಣ್ಣದು. ಕಬಡ್ಡಿ ಎನ್ನುವುದು ಅಂಪೈರಿಗೆ ಕೇಳಿಸದಿದ್ದರೆ ರೇಡ್ ಔಟು. ಎರಡು ಸಲ ಹಾಗಾಯಿತು. ದನಿಗೆ ಏನು ಮಾಡಬೇಕೆಂದು ನನಗೆ ಗೊತ್ತಿದ್ದದ್ದು ಒಂದೇ ದಾರಿ. ತಂದೆಯ ಗುರುತಿನ ವ್ಯಾಪಾರಿಯೊಬ್ಬರನ್ನು ಕೇಳಿ, ವಾರಕ್ಕೆ ನಾಲ್ಕು ಸಂಜೆ ಅವಳನ್ನೂ ಬೇರೆ ಆರು ಹುಡುಗಿಯರನ್ನೂ ಅವರ ಗೋದಾಮಿಗೆ ಕರೆದುಕೊಂಡು ಹೋಗತೊಡಗಿದೆ. ಅದೇ ಸಂದಿ, ಅದೇ ಧೂಳು, ಅದೇ ಮಾತು. ಕೆಮ್ಮಿದರೆ ಇಪ್ಪತ್ತು ಬೈಠಕ್.

ಇಲ್ಲಿ ಒಂದು ಮಾತು ಹೇಳಬೇಕು. ಒಂದು ರೇಡಿಗೆ ಮೂವತ್ತೇ ಸೆಕೆಂಡು ಎಂಬ ನಿಯಮ ಬಂದು ಆಗಲೇ ಎಷ್ಟೋ ಕಾಲವಾಗಿತ್ತು. ಮೂವತ್ತು ಸೆಕೆಂಡಿನ ಉಸಿರು ಮೈದಾನದಲ್ಲಿ ಓಡಿದ ಯಾವ ಮಗುವಿಗಾದರೂ ಇರುತ್ತದೆ. ಉಸ್ತಾದರ ಗೋದಾಮಿಗೆ ಅವರ ಕಾಲದಲ್ಲಿ ಒಂದು ಅರ್ಥವಾದರೂ ಇತ್ತು. ನನ್ನ ಗೋದಾಮಿಗೆ ಅದೂ ಇರಲಿಲ್ಲ. ನಿಯಮ ನನಗೆ ಗೊತ್ತಿತ್ತು, ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವನು. ಆದರೂ ಕರೆದೊಯ್ದೆ. ನಾನು ಆಟಗಾರನಾದದ್ದು ಅಲ್ಲಿ, ಆದ್ದರಿಂದ ಎಲ್ಲರೂ ಅಲ್ಲೇ ಆಗಬೇಕು.

ಮೊದಲ ವರ್ಷ ತಾಲೂಕು ಗೆದ್ದೆವು, ಜಿಲ್ಲೆಯಲ್ಲಿ ಎರಡನೆಯವರಾದೆವು. ಅವಳ ದನಿ ಗಟ್ಟಿಯಾಗಿತ್ತು. ಗೋದಾಮಿನಿಂದಲೇ ಆಯಿತೋ, ಬೆಳೆದು ದೊಡ್ಡವಳಾದದ್ದರಿಂದ ಆಯಿತೋ, ಯಾರು ಬಲ್ಲರು. ನಾನು ಮಾತ್ರ ಕೇಳಿದವರಿಗೆಲ್ಲ ಗೋದಾಮಿನ ಕಥೆ ಹೇಳಿಕೊಂಡು ತಿರುಗಿದೆ. ಎರಡನೆಯ ವರ್ಷ ಅವಳು ಕೆಮ್ಮತೊಡಗಿದಳು. ನನ್ನೆದುರು ಅಲ್ಲ. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದಳು. ಒಂದು ಸಂಜೆ ಅವಳು ಸಂದಿಯಿಂದ ತಿರುಗಿ ಬರುವಾಗ ಉಸಿರಿನ ಕೊನೆಯಲ್ಲಿ ಒಂದು ಸಣ್ಣ ಸಿಳ್ಳೆ ಕೇಳಿಸಿತು.

“ಏನದು?” ಎಂದೆ.

“ಏನಿಲ್ರಿ ಸರ್ರ, ನೆಗಡಿ ಆಗೇತ್ರಿ.”

“ಖಾರ ಇಲ್ಲದ ಕಾಯಿಗೆ ಕೆಮ್ಮತೀಯಲ್ಲ, ಬ್ಯಾಡಗಿಯಾಕಿ ಹೌದೋ ಅಲ್ಲೋ ನೀ?”

ಉಳಿದ ಹುಡುಗಿಯರು ನಕ್ಕರು. ಅವಳೂ ನಕ್ಕಳು. ಅವರನ್ನೆಲ್ಲ ಮನೆಗೆ ಕಳಿಸಿ, ಅವಳೊಬ್ಬಳಿಂದ ಇನ್ನೂ ಹತ್ತು ಸುತ್ತು ಮಾಡಿಸಿದೆ. ಸಿಳ್ಳೆ ಹೋಗುತ್ತದೆಂದು. ಆ ಹತ್ತು ಸುತ್ತನ್ನು ಅವಳು ಮಾಡಿದಳು, ಒಂದಕ್ಕೂ ಇಲ್ಲ ಎನ್ನಲಿಲ್ಲ. ಕೆಮ್ಮಿದರೆ ತಂಡದಿಂದ ತೆಗೆಯುತ್ತೇನೆ ಎಂದು ಅವಳು ತಿಳಿದಿದ್ದಳು. ತಿಳಿಯುವಂತೆ ನಾನೇ ಮಾಡಿದ್ದೆ.

ಹತ್ತನೆಯ ತರಗತಿಯಲ್ಲಿದ್ದಾಗ ಹಾವೇರಿಯಲ್ಲಿ ಆಯ್ಕೆಯ ಪಂದ್ಯ ಬಂತು. ಅಲ್ಲಿ ಚೆನ್ನಾಗಿ ಆಡಿದವರಿಗೆ ಕ್ರೀಡಾ ವಸತಿ ಶಾಲೆ, ಮುಂದೆ ರಾಜ್ಯದ ತಂಡ. ಪಂದ್ಯ ಮುಗಿಯಲು ನಾಲ್ಕೈದು ನಿಮಿಷ ಇತ್ತು. ಅವಳು ರೇಡಿಗೆ ಹೋದಳು. ಎಡಗಡೆಯ ಮೂಲೆಯವಳನ್ನು ಕಾಲಿನಿಂದ, ಅವಳ ಪಕ್ಕದವಳನ್ನು ಕೈಯಿಂದ ಮುಟ್ಟಿ, ಯಾರಿಗೂ ಸಿಗದೆ ತಿರುಗಿದಳು. ಮುಂದೆ ಯಾರೂ ಇಲ್ಲ. ಮಧ್ಯದ ಗೆರೆ ಎರಡು ಹೆಜ್ಜೆ. ಅಲ್ಲಿ ಅವಳ ಕಬಡ್ಡಿ ಅರ್ಧಕ್ಕೆ ನಿಂತಿತು. ಅವಳೂ ನಿಂತಳು. ಮೊಣಕಾಲ ಮೇಲೆ ಕೈಯೂರಿ ಬಾಗಿ, ಮೆಲ್ಲಗೆ ಕುಳಿತುಬಿಟ್ಟಳು.

“ಗೆರಿ ಮುಟ್ಟಲೇ, ಗೆರಿ ಮುಟ್ಟ,” ಎಂದು ನಾನು ಕೂಗಿದೆ.

ಹೌದು, ಮೊದಲು ಕೂಗಿದೆ. ಅಂಪೈರ್ ಸೀಟಿ ಊದಿದ ಮೇಲೆ, ಎದುರು ತಂಡದ ಹುಡುಗಿಯೊಬ್ಬಳು ಅವಳ ಮುಖ ನೋಡಿ ಹಿಂದೆ ಸರಿದ ಮೇಲೆ, ನಾನು ಓಡಿದೆ. ತುಟಿ ನೀಲಿಯಾಗಿತ್ತು. ಕುತ್ತಿಗೆಯ ಕೆಳಗಿನ ಕುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಅವಳನ್ನು ಎತ್ತಿಕೊಂಡು, ಆ ಕೆಟ್ಟ ಮೊಣಕಾಲಿನಲ್ಲೇ ರಸ್ತೆಯವರೆಗೆ ಓಡಿ ಆಟೋ ಹಿಡಿದೆ.

ದವಾಖಾನೆಯಲ್ಲಿ ಮೂಗು ಬಾಯಿಗೆ ಮಾಸ್ಕ್ ಹಾಕಿ ಔಷಧದ ಹಬೆ ಬಿಟ್ಟರು. ಒಂದು ತಾಸಿನ ಮೇಲೆ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಸುದ್ದಿ ತಿಳಿದು ಅವ್ವ ಬ್ಯಾಡಗಿಯಿಂದ ಬಸ್ಸು ಹತ್ತಿ ಬಂದಳು. ಕೆಲಸದ ಮೇಲಿನಿಂದ ಎದ್ದು ಬಂದಿದ್ದಳು, ಸ್ನಾನ ಕೂಡ ಇಲ್ಲ. ಬೆರಳುಗಳು ಕೆಂಪಗೆ, ಸೀರೆಯಿಂದ ಕಾಯಿಯ ವಾಸನೆ. ವಾರ್ಡಿಗೆ ಕಾಲಿಡುತ್ತಿದ್ದಂತೆ ನರ್ಸ್ ಸೀನಿದಳು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇದು ಉಬ್ಬಸ, ಬಹಳ ದಿನದಿಂದ ಇದೆ, ಧೂಳಿನಿಂದ ಬಂದಿರಬೇಕು ಎಂದಳು. “ಈ ಹುಡುಗಿ ಮೆಣಸಿನಕಾಯಿ ಧೂಳಿನ್ಯಾಗ ಇರತಾಳೇನು? ಯಾರು ಕರ್ಕೊಂಡು ಹೋಗ್ತೀರಿ?” ಎಂದು ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಖರೇನೇ ಮೇಲೆ ಹೋಗಿ ಕುತ್ತಿಗೆ ಒರೆಸಿಕೊಂಡಿತು. ನಾನು ಬಾಯಿ ತೆರೆಯಲು ಇನ್ನೂ ಸಮಯವಿತ್ತು. ತೆರೆಯಲಿಲ್ಲ. ಅವ್ವ ತೆರೆದಳು.

“ನಾನರಿ. ನಾ ಮನಿಗೆ ತರತೀನ್ರಿ ಕಾಯಿ. ಒಂದs ಖೋಲಿ ಐತ್ರಿ, ಆಕಿ ಬಾಜೂಕ ಮಲಗತಾಳ್ರಿ.”

ಡಾಕ್ಟರ್ ಅವಳನ್ನು ಚೆನ್ನಾಗಿ ಬೈದಳು. ಮಗಳ ಉಸಿರು ತೆಗೆಯುತ್ತೀಯಾ ಎಂದಳು. ಅವ್ವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಕೆಂಪು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಬೈದು ಮುಗಿದ ಮೇಲೆ ನನ್ನ ಕಡೆ ನೋಡಿದಳು, ದೊಡ್ಡವರು ಏನಾದರೂ ಹೇಳಲಿ ಎಂಬಂತೆ. ನಾನು ಹೇಳಿದೆ. “ಇನ್ನ ಮ್ಯಾಲೆ ಮನಿಗೆ ತರಬ್ಯಾಡವಾ,” ಎಂದೆ.

ಬುದ್ಧಿ ಹೇಳಿದೆ. ನಾನು. ಈ ಮಾತು ಬರೆದು ಎರಡು ದಿನ ಪೆನ್ನು ಮುಟ್ಟಲಿಲ್ಲ.

ಯಾಕೆ ಸುಮ್ಮನಿದ್ದೆ? ವಿಚಾರಣೆಯಾದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಅದು ಸುಳ್ಳಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ಗೋದಾಮು ತಪ್ಪು ಎಂದು ಒಪ್ಪಿದರೆ ಉಸ್ತಾದರೂ ತಪ್ಪು, ಅವರು ಕೂತೇ ಸತ್ತದ್ದು ಬೀಡಿಯಿಂದಲ್ಲ, ಹೊಸರಿತ್ತಿಯ ನನ್ನ ಆ ಉಸಿರೂ ಒಂದು ಪೆದ್ದುತನ. ನನ್ನ ಬದುಕಿನಲ್ಲಿ ಚೆಂದವಾಗಿದ್ದದ್ದು ಅದೊಂದೇ. ಅದನ್ನು ಉಳಿಸಿಕೊಳ್ಳಲು ಒಬ್ಬ ಹೆಂಗಸಿನ ತಲೆಯ ಮೇಲೆ ನನ್ನ ತಪ್ಪನ್ನು ಇಟ್ಟುಬಿಟ್ಟೆ. ಅವಳು ಹೊತ್ತುಕೊಂಡಳು.

ಮುಂದಿನ ವಾರ ಹುಡುಗಿಯರಿಗೆ, “ಗೋದಾಮಿನ ಮಾಲಕರು ಬ್ಯಾಡ ಅಂದ್ರು,” ಎಂದೆ. ಅಲ್ಲಿಗೆ ಹೋಗುವುದು ನಿಂತಿತು. ಯಾರೂ ಯಾಕೆಂದು ಕೇಳಲಿಲ್ಲ. ಅವಳು ಆಡುವುದೂ ನಿಂತಿತು. ಅವ್ವ ಕಾಯಿಯ ಕೆಲಸವನ್ನೇ ಬಿಟ್ಟಳು. ಹುಟ್ಟಿದಾಗಿನಿಂದ ಗೊತ್ತಿದ್ದ ಕಸುಬು ಬಿಟ್ಟು ಮಗಳೊಂದಿಗೆ ರಾಣೆಬೆನ್ನೂರಿಗೆ ಹೋಗಿ, ಸುತ್ತಲಿನ ಹೊಲಗಳಲ್ಲಿ ಬೀಜದ ಬೆಳೆಗೆ ಕ್ರಾಸಿಂಗ್ ಮಾಡಲು ಸೇರಿದಳು. ಬೆಳಗಿನಿಂದ ಬಾಗಿ ನಿಂತು ಮೊಗ್ಗು ಬಿಡಿಸಿ, ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸ. ಕಣ್ಣು ಬೇಕು, ಸೊಂಟ ಬೇಕು. ಅವಳಿಗೆ ಎರಡೂ ಅಷ್ಟು ಗಟ್ಟಿಯಿರಲಿಲ್ಲ ಎಂದು ಆಮೇಲೆ ಕೇಳಿದೆ.

ನಾಲ್ಕು ವರ್ಷದ ಮೇಲೆ ಕಾಗಿನೆಲೆಯಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ ಹುಡುಗಿಯ ಅವ್ವ ಸಿಕ್ಕಳು. ನನ್ನನ್ನು ಕಂಡು ಎದ್ದು, ಚೀಲ ತೊಡೆಯ ಮೇಲೆ ಇಟ್ಟುಕೊಂಡು ಜಾಗ ಮಾಡಿದಳು.

“ಕುಂದರ್ರಿ ಸರ್ರ. ಆಕಿ ಈಗ ಆರಾಮ ಅದಾಳ್ರಿ. ಉಬ್ಬಸದ ಔಷಧದ ಪಂಪು ಜಗ್ಗತಾಳ್ರಿ, ಏನೂ ಆಗೂದಿಲ್ಲ. ಆಕಿನೂ ಆಟದ ಮಾಸ್ತರಕಿ ಕೋರ್ಸ್ ಮಾಡತೀನಿ ಅಂತಾಳ್ರಿ.”

“ಭಾಳ ಚಲೋ ಆತು,” ಎಂದೆ.

“ಆಕಿ ಉಸರು ನನ್ನ ಕೈಲೆ ಹೋಗಿತ್ರಿ. ನೀವು ಹೊತ್ಕೊಂಡು ಓಡಿದ್ರಿ, ಅದಕ್ಕ ಉಳೀತ್ರಿ. ಒಗ್ಗರಣಿಗೂ ಮನ್ಯಾಗ ಕಾಯಿ ಹಾಕೂದಿಲ್ರಿ ನಾ ಈಗ.”

ಮುಂದಿನ ನಿಲ್ದಾಣ ಬರಲಿ, ಹೇಳುತ್ತೇನೆ ಎಂದುಕೊಂಡೆ. ಬಂತು. ಆಗ ಯಾರೋ ಮುದುಕರು ಹತ್ತಿದರು, ನಮ್ಮ ಪಕ್ಕದಲ್ಲೇ ನಿಂತರು. ಅದರ ಮುಂದಿನದಕ್ಕೆ ಹೇಳುತ್ತೇನೆ ಎಂದುಕೊಂಡೆ. ಬ್ಯಾಡಗಿ ಬಂತು. ಅವಳು ಚೀಲದಿಂದ ನಾಲ್ಕು ಟೊಮೆಟೊ ತೆಗೆದು ನನ್ನ ಕೈಯಲ್ಲಿಟ್ಟು, ಇಳಿದು ಹೋದಳು. ಮನೆಯಲ್ಲಿ ಅದರ ಸಾರು ಮಾಡಿದರು, ಉಂಡೆ. ಅಂಥ ಸಂಗತಿಗಳೂ ಗಂಟಲಲ್ಲಿ ಇಳಿಯುತ್ತವೆ.

ಹೋದ ವರ್ಷ ಆ ತಾಯಿ ತೀರಿಕೊಂಡಳು. ನನಗೆ ತಿಳಿದಾಗ ದಿನಕರ್ಮಗಳೆಲ್ಲ ಮುಗಿದಿದ್ದವು. ಮಗಳಿಗೆ ಫೋನ್ ಮಾಡಿದೆ. ಅವಳೀಗ ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯಲ್ಲಿ ಆಟದ ಶಿಕ್ಷಕಿ. ಸಮಾಧಾನದ ಮಾತು ಹುಡುಕುತ್ತಿದ್ದಾಗ ಅವಳೇ, “ಸರ್ರ, ಒಂದಿನ ನಮ್ಮ ಹುಡುಗ್ಯಾರ ಪ್ರಾಕ್ಟೀಸ್ ನೋಡಾಕ ಬರ್ರಿ. ನಿಮಗೊಂದು ತೋರಸೂದೈತಿ,” ಎಂದಳು. ಈ ಸಲ ಹೇಳಿಯೇ ಬರಬೇಕು ಎಂದು ಹೊರಟೆ. ಅವ್ವನಿಗೆ ಹೇಳಲಾಗಲಿಲ್ಲ, ಮಗಳಿಗಾದರೂ. ನಿವೃತ್ತಿಗೆ ಎರಡು ವರ್ಷ ಉಳಿದಿರುವವನ ಧೈರ್ಯ ಅದು, ದೊಡ್ಡದೇನಲ್ಲ.

ಶಾಲೆ ಬಿಟ್ಟ ಮೇಲೆ ಅವಳು ನನ್ನನ್ನು ಮೈದಾನಕ್ಕೆ ಕರೆದೊಯ್ಯಲಿಲ್ಲ. ರಾಣೆಬೆನ್ನೂರಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ನಡೆದಳು. ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ಕೂಡಿಸಿಕೊಂಡಳು. ಮೂವತ್ತು ಕೂಡ ದಾಟದ ಹೆಣ್ಣುಮಗಳು, ನನಗಿಂತ ನಿಧಾನ ನಡೆಯುತ್ತಿದ್ದಳು. ಬ್ಯಾಡಗಿಯಲ್ಲಿ ಜಾಗ ಸಾಲದ ವ್ಯಾಪಾರಿಗಳು ಚೀಲ ಇಡುವ ಒಂದು ತಗಡಿನ ಗೋದಾಮು ಅಲ್ಲಿತ್ತು. ಶಟರ್ ಅರ್ಧ ಎಳೆದಿತ್ತು. ಒಳಗಿನಿಂದ ಮಕ್ಕಳ ದನಿ ಬರುತ್ತಿತ್ತು. ಕಬಡ್ಡಿ ಕಬಡ್ಡಿ ಕಬಡ್ಡಿ.

ಅವಳು ವೇಲನ್ನು ಮೂಗಿಗೆ ಎರಡು ಸುತ್ತು ಸುತ್ತಿಕೊಂಡು, ಶಟರಿನಿಂದ ಹತ್ತು ಹೆಜ್ಜೆ ದೂರ ನಿಂತಳು.

“ನನಗ ಒಳಗ ಹೋಗಾಕ ಆಗೂದಿಲ್ರಿ. ಇಲ್ಲೆ ನಿಂತು ದನಿ ಕೇಳತೀನ್ರಿ. ನೀವು ಕಲಿಸಿದಂಗs ಸರ್ರ, ಒಂದೂ ಬದಲು ಮಾಡಿಲ್ಲ. ನನ್ನ ಉಸರು ಮನ್ಯಾಗ ಕೆಟ್ಟಿತ್ರಿ, ಇಲ್ಲಂದ್ರ ನೀವು ಕಟ್ಟಿದ್ದು ಗಟ್ಟಿನs ಇತ್ತು. ಇವರ ಮನ್ಯಾಗ ಯಾರೂ ಕಾಯಿ ಬಿಡಸೂದಿಲ್ಲ, ಕೇಳಿ ತಗೊಂಡೇನ್ರಿ.”

ಕೇಳಿ ತೆಗೆದುಕೊಂಡಿದ್ದಳು. ಮನೆಯಲ್ಲಿ ಕಾಯಿ ಇಲ್ಲದ ಮಕ್ಕಳನ್ನು ಆರಿಸಿ ಗೋದಾಮಿಗೆ ತಂದಿದ್ದಳು. ನಾನು ಹೋಗಿ ಶಟರನ್ನು ಪೂರ್ತಿ ಎತ್ತಿದೆ. “ಹೊರಗ ಬರ್ರಿ, ಎಲ್ಲಾರೂ ಬರ್ರಿ,” ಎಂದೆ. ಒಂಬತ್ತು ಹುಡುಗಿಯರು ಕಣ್ಣು ಉಜ್ಜಿಕೊಳ್ಳುತ್ತಾ ಬಂದರು. ಎಲ್ಲಕ್ಕಿಂತ ಸಣ್ಣವಳು ಹೊರಗೆ ಬಂದ ಮೇಲೂ ಕೆಮ್ಮದಂತೆ ಬಾಯಿ ಮುಚ್ಚಿ ಹಿಡಿದುಕೊಂಡಿದ್ದಳು.

“ಕೆಮ್ಮವಾ, ಕೆಮ್ಮ,” ಎಂದೆ. ಅವಳು ತನ್ನ ಟೀಚರಿನ ಕಡೆ ನೋಡಿದಳು.

ಮಕ್ಕಳು ರಸ್ತೆಯ ಆಚೆಯ ನಲ್ಲಿಗೆ ಹೋದ ಮೇಲೆ ಹೇಳಿದೆ. ನಿಂತುಕೊಂಡೇ ಹೇಳಿದೆ. ಮನೆಯ ಎರಡು ಚೀಲದ ಧೂಳು ಎಷ್ಟಾದರೂ ಎರಡು ಚೀಲದ್ದು, ನಾನು ನಿನ್ನನ್ನು ಸಾವಿರ ಚೀಲದ ನಡುವೆ ಓಡಿಸಿದೆ ಎಂದೆ. ಸಿಳ್ಳೆ ಕೇಳಿಯೂ ಹತ್ತು ಸುತ್ತು ಮಾಡಿಸಿದೆ ಎಂದೆ. ಆ ಸುತ್ತುಗಳು ಆಟಕ್ಕೆ ಬೇಕೇ ಇರಲಿಲ್ಲ ಎಂದೂ ಹೇಳಿದೆ. ಅವಳು ವೇಲನ್ನು ಮೂಗಿನಿಂದ ಬಿಚ್ಚಲಿಲ್ಲ, ಆದ್ದರಿಂದ ಮುಖ ನನಗೆ ಕಾಣಲಿಲ್ಲ, ಕಣ್ಣು ಮಾತ್ರ ಕಂಡವು.

“ಡಾಕ್ಟರ್ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?” ಎಂದಳು.

“ಗೊತ್ತಿತ್ತವಾ.”

“ನಮ್ಮವ್ವಗ ಬುದ್ಧಿ ಹೇಳಿದ್ರಲ್ಲ, ಆವಾಗೂ ಗೊತ್ತಿತ್ತೇನ್ರಿ?”

“ಹೂಂ.”

ಅವಳು ಪಂಪನ್ನು ತೆಗೆದು, ವೇಲಿನೊಳಗೇ ಬಾಯಿಗಿಟ್ಟು ಎರಡು ಸಲ ಜಗ್ಗಿದಳು. ಉಸಿರು ಹಿಡಿದಳು, ಬಿಟ್ಟಳು. ಆಮೇಲೆ ಮೆಲ್ಲಗೆ ಮಾತಾಡಿದಳು.

“ಕಡೀ ದಿನ ಆಕಿ ನನ್ನ ಎದಿ ಮ್ಯಾಲೆ ಕೈ ಇಟ್ಲರಿ. ತಪ್ಪಾತವಾ, ನನ್ನ ಮಾಫ್ ಮಾಡು ಅಂದ್ಲು. ನಾ ತಪ್ಪಿಲ್ಲವ್ವ ಅನಲಿಲ್ರಿ. ಮಾಫ್ ಮಾಡೇನಿ ಅಂದೆ. ಹಂಗ ಅಂದು ಕಳಿಸೀನ್ರಿ ಆಕಿನ್ನ.”

ಹುಡುಗಿಯರು ಮುಖ ತೊಳೆದುಕೊಂಡು ಬರುತ್ತಿದ್ದರು. ಅವಳು ಅವರನ್ನು ಮೈದಾನದ ಕಡೆ ಕಳಿಸಿ, ಹೋಗಿ ಶಟರನ್ನು ಕೆಳಗೆಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ನಾನು ಕೈ ಹಚ್ಚಲು ಮುಂದೆ ಹೋದೆ.

“ಬ್ಯಾಡ್ರಿ,” ಎಂದಳು. “ನೀವು ನಡೀರಿ. ಬಸ್ಸಿಗೆ ಹೊತ್ತಾಕ್ಕೇತಿ.”